ಓಡುವ ಅಪ್ಪ-ಅಮ್ಮ, ವಾಕಿಂಗ್ ಹೋಗುವ ಅಜ್ಜಿ: ಸ್ಟ್ರಾಲರ್ ಯಾವುದು ಕೊಳ್ಳಬೇಕು?

ಪ್ರಶ್ನೆ: ನಾವಿರುವುದು ಬೆಂಗಳೂರಿನ ಬಸವನಗುಡಿಯಲ್ಲಿ. ಮಗುವಿಗೆ ಈಗ ಐದು ತಿಂಗಳು. ಮದುವೆಗೆ ಮುಂಚಿನಿಂದಲೂ ನಾನೂ ನನ್ನ ಗಂಡನೂ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಓಡುತ್ತಿದ್ದೆವು. ಅದನ್ನು ಮತ್ತೆ ಶುರು ಮಾಡಬೇಕು, ಮಗುವನ್ನೂ ಕರೆದುಕೊಂಡು. ಆಗಾಗ ಬಸ್ಸಿನಲ್ಲಿ ಶಿರಸಿಗೆ ಹೋಗುತ್ತೇವೆ, ವರ್ಷಕ್ಕೆ ಒಂದೆರಡು ಸಲ ವಿಮಾನ ಪ್ರಯಾಣವೂ ಇರುತ್ತದೆ. ಸಂಜೆ ಮಗುವನ್ನು ಹೊರಗೆ ಸುತ್ತಾಡಿಸುವುದು ನಮ್ಮ ಅತ್ತೆ. ಅವರಿಗೆ ಮಂಡಿನೋವಿದೆ. ಮನೆ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಚಿಕ್ಕದು, ಕಾರು ಸಿಎನ್‌ಜಿ ವ್ಯಾಗನ್‌ಆರ್. ಎಲ್ಲದಕ್ಕೂ ಆಗುವ ಒಂದೇ ಸ್ಟ್ರಾಲರ್ ಯಾವುದು? ಮೂವತ್ತು ಸಾವಿರದವರೆಗೆ ಖರ್ಚು ಮಾಡಬಹುದು. ಅಮೆರಿಕದಲ್ಲಿರುವ ನಮ್ಮಣ್ಣ ತನ್ನ ಮಗುವಿನ ಹಳೆಯ ಜಾಗಿಂಗ್ ಸ್ಟ್ರಾಲರ್ ತಂದುಕೊಡುತ್ತೇನೆ ಅಂತಿದ್ದಾನೆ. ಬರುವುದು ಇನ್ನು ನಾಲ್ಕು ತಿಂಗಳಿಗೆ. ತರಲು ಹೇಳಲಾ, ಬೇಡವಾ?

ಉತ್ತರ (ಮಕ್ಕಳ ಫಿಸಿಯೋಥೆರಪಿಸ್ಟ್ ಅವರಿಂದ):

ಎಲ್ಲದಕ್ಕೂ ಆಗುವ ಒಂದೇ ಸ್ಟ್ರಾಲರ್ ಇಲ್ಲ. ಓಡಲು ಬೇಕಾದ ಗಾಡಿ ಉದ್ದ ಇರಬೇಕು, ಚಕ್ರ ದೊಡ್ಡದಿರಬೇಕು, ವೇಗದಲ್ಲಿ ಹೋಗುವಾಗ ಅಲುಗಾಡದಷ್ಟು ತೂಕವೂ ಇರಬೇಕು. ಚಿಕ್ಕ ಲಿಫ್ಟಿಗೆ, ಸಿಲಿಂಡರ್ ಕೂತಿರುವ ಡಿಕ್ಕಿಗೆ, ಮಂಡಿನೋವಿರುವ ಅಜ್ಜಿಯ ಕೈಗೆ ಬೇಕಾಗಿರುವುದು ಇದರ ಪೂರ್ತಿ ಉಲ್ಟಾ. ಎರಡನ್ನೂ ಒಂದರಲ್ಲೇ ಹುಡುಕಿದರೆ ಓಡಲೂ ಬಾರದ, ಮಡಚಲೂ ಬಾರದ ಗಾಡಿ ಮನೆಗೆ ಬರುತ್ತದೆ.

ಹಾಗಾಗಿ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಕೊಳ್ಳುವ ಸ್ಟ್ರಾಲರ್ ನಿಮ್ಮ ಅತ್ತೆಯವರಿಗೆ ಹೊಂದುವಂಥದ್ದಾಗಿರಲಿ. ಓಟದ ಸ್ಟ್ರಾಲರ್ ಕೆಲವು ತಿಂಗಳ ನಂತರದ ಮಾತು, ಅದಕ್ಕೆ ನಿಮ್ಮಣ್ಣನ ಹಳೆಯದೇ ಆಗಬಹುದು. ಶಿರಸಿಗೆ ಸ್ಟ್ರಾಲರೇ ಬೇಡ. ಮಗುವನ್ನು ಮೈಗೆ ಕಟ್ಟಿಕೊಂಡು ಹೋಗುವ ಒಂದು ಒಳ್ಳೆಯ ಬೇಬಿ ಕ್ಯಾರಿಯರ್ ಇದ್ದರೆ ಸಾಕು.

ಅತ್ತೆಯವರು ಯಾಕೆ ಮೊದಲು ಅಂತೀರಾ? ವಾರದ ಲೆಕ್ಕ ಹಾಕಿ ನೋಡಿ. ನೀವಿಬ್ಬರೂ ಎಷ್ಟೇ ಉತ್ಸಾಹದಿಂದ ಓಡಿದರೂ ಮಗುವನ್ನು ಕರೆದುಕೊಂಡು ಓಡುವುದು ವಾರಕ್ಕೆ ಎರಡು ಮೂರು ಸಲ. ವಿಮಾನ ವರ್ಷಕ್ಕೆ ಒಂದೆರಡು ಸಲ. ಅತ್ತೆಯವರು ದಿನಾ ಸಂಜೆ. ದಿನಾ ಬಳಸುವವರಿಗೆ ಕಷ್ಟವಾದರೆ ಆ ಗಾಡಿ ಬಾಗಿಲ ಹಿಂದೆ ಸೇರುತ್ತದೆ, ಮೇಲೆ ಒಗೆದ ಬಟ್ಟೆ ಬೀಳುತ್ತದೆ. ಮಗುವಿನ ಸಂಜೆಯ ಸುತ್ತಾಟವೂ ನಿಲ್ಲುತ್ತದೆ, ಅಜ್ಜಿಯ ನಡಿಗೆಯೂ ನಿಲ್ಲುತ್ತದೆ. ಮಂಡಿನೋವಿದ್ದವರು ನಡೆಯುವುದನ್ನು ಬಿಡಬಾರದು. ನನಗೆ ಇಲ್ಲಿ ಮಗುವಿನಷ್ಟೇ ಅವರ ಚಿಂತೆಯೂ ಇದೆ.

ಅಂಗಡಿಗೆ ಹೋಗುವ ಮುಂಚೆ ಒಂದು ಟೇಪ್ ಹಿಡಿದು ಲಿಫ್ಟಿನ ಬಾಗಿಲು ಮತ್ತು ಒಳಗಿನ ಆಳ ಅಳೆದುಕೊಳ್ಳಿ. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲಿನ ಅಗಲ 70 ಸೆಂಟಿಮೀಟರ್ ಇರುವುದು ಸಾಮಾನ್ಯ. ಮಾಮೂಲಿ ಸ್ಟ್ರಾಲರ್‌ಗಳ ಅಗಲ 50ರಿಂದ 60ರ ಆಸುಪಾಸು, ಅವು ಹಿಡಿಸುತ್ತವೆ. ಜಾಗಿಂಗ್ ಸ್ಟ್ರಾಲರ್ 65ರಿಂದ 70 ಇರುತ್ತದೆ, ಉದ್ದ ಒಂದು ಮೀಟರಿಗಿಂತ ಜಾಸ್ತಿ. ಅದನ್ನು ಒಳಗೆ ತಳ್ಳಿದ ಮೇಲೆ ನಿಮಗೆ ನಿಲ್ಲಲು ಜಾಗ ಇರುತ್ತದೋ ಇಲ್ಲವೋ ನೋಡಬೇಕು. ಡಿಕ್ಕಿಯನ್ನೂ ಅಳೆಯಿರಿ. ಸಿಎನ್‌ಜಿ ಸಿಲಿಂಡರ್ ಇರುವ ಡಿಕ್ಕಿಯಲ್ಲಿ ಉಳಿಯುವುದು ಒಂದು ಸಂದು ಅಷ್ಟೇ. ಕಂಪನಿಯವರು ಬರೆಯುವ ಲೀಟರ್ ಲೆಕ್ಕ ಸಿಲಿಂಡರ್ ಇಲ್ಲದ ಕಾರಿನದು.

ಇನ್ನು ತೂಕ. ನಾಲ್ಕೈದು ಕೆಜಿಯ ಛತ್ರಿ ಮಡಿಕೆಯ ಸ್ಟ್ರಾಲರ್ ನೋಡಿದ ತಕ್ಷಣ ಮನಸ್ಸು ಅದರ ಕಡೆ ಹೋಗುತ್ತದೆ. ಅದು ಹುಟ್ಟಿದ್ದೇ ಪ್ರಯಾಣಕ್ಕೆ. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಕಾಲುಗಳ ಮೇಲೆ ಕೆಲಸ ಮಾಡಿದ್ದ ಓವೆನ್ ಮ್ಯಾಕ್ಲಾರೆನ್ ಎಂಬ ಬ್ರಿಟಿಷ್ ಎಂಜಿನಿಯರ್ 1965ರಲ್ಲಿ ಅದನ್ನು ರೂಪಿಸಿದರು. ಭಾರದ ಮಕ್ಕಳ ಗಾಡಿ ಕಟ್ಟಿಕೊಂಡು ವಿಮಾನದಲ್ಲಿ ಓಡಾಡಲು ಅವರ ಮಗಳೇ ಪರದಾಡುತ್ತಿದ್ದರು. ಮೊದಲ ಮಾದರಿ ಮೂರು ಕೆಜಿಗಿಂತ ಕಡಿಮೆ ಇತ್ತು. ಬಹಳ ಜಾಣ ವಿನ್ಯಾಸ. ಆದರೆ ನಿಮ್ಮ ಮನೆಗೆ ಅದು ಬೇಡ ಅನ್ನುತ್ತೇನೆ. ಕಾರಣ ಮಂಡಿ. ಮಂಡಿ ನೋಯುವವರು ಗೊತ್ತಿಲ್ಲದೇ ಹ್ಯಾಂಡಲ್ ಮೇಲೆ ಭಾರ ಹಾಕುತ್ತಾರೆ. ತೀರಾ ಹಗುರದ ಗಾಡಿ ಆಗ ಹಿಂದಕ್ಕೆ ವಾಲುತ್ತದೆ. ಹ್ಯಾಂಡಲ್‌ಗೆ ಎರಡು ಕೆಜಿ ತರಕಾರಿ ಚೀಲ ನೇತುಹಾಕಿದರಂತೂ ಮಗು ಸಮೇತ ಮಗುಚಬಹುದು. ಹ್ಯಾಂಡಲ್‌ಗೆ ಚೀಲ ಹಾಕುವ ಕೊಕ್ಕೆಯನ್ನು ಅಂಗಡಿಯವರು ಫ್ರೀ ಕೊಟ್ಟರೂ ತೆಗೆದುಕೊಳ್ಳಬೇಡಿ. ಸಾಮಾನು ಸೀಟಿನ ಕೆಳಗಿನ ಬುಟ್ಟಿಯಲ್ಲಿರಲಿ.

ಏಳರಿಂದ ಒಂಬತ್ತು ಕೆಜಿಯ ಗಾಡಿ ನೋಡಿ. ಹ್ಯಾಂಡಲ್ ಎರಡು ಕೊಂಬಿನಂತಿರದೆ ಈ ಬದಿಯಿಂದ ಆ ಬದಿಗೆ ಒಂದೇ ಕಂಬಿ ಇರಲಿ. ಆಗ ಒಂದು ಕೈಯಲ್ಲೂ ತಿರುಗಿಸಬಹುದು. ಎತ್ತರ ಹೆಚ್ಚು ಕಡಿಮೆ ಮಾಡುವಂತಿರಲಿ. ಅತ್ತೆಯವರೂ ನಿಮ್ಮ ಯಜಮಾನರೂ ಒಂದೇ ಎತ್ತರ ಇರುವುದಿಲ್ಲ ಅಲ್ವಾ? ಹ್ಯಾಂಡಲ್ ಹೊಕ್ಕುಳಿನ ಮಟ್ಟಕ್ಕೆ ಬಂದರೆ, ಮೊಣಕೈ ಸ್ವಲ್ಪ ಮಡಚಿಕೊಂಡಿದ್ದರೆ ಅದು ಸರಿಯಾದ ಎತ್ತರ. ಬ್ರೇಕನ್ನು ಒಂದೇ ಪೆಡಲ್ ಒತ್ತಿ ಹಾಕುವಂತಿರಬೇಕು, ಚಪ್ಪಲಿ ಕಾಲಿನಿಂದ ಬಿಡಿಸಲೂ ಬರಬೇಕು. ಕಾಲ್ಬೆರಳಿನಿಂದ ಮೇಲಕ್ಕೆ ಎತ್ತಿ ಬಿಡಿಸುವ ಬ್ರೇಕುಗಳಿವೆ. ಚಪ್ಪಲಿ ಹಾಕಿಕೊಂಡವರಿಗೆ ಅವು ನೋವು ಕೊಡುತ್ತವೆ. ಅತ್ತೆಯವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಅವರೇ ಬಿಚ್ಚಲಿ, ಮಡಚಲಿ, ಬ್ರೇಕ್ ಹಾಕಲಿ. ನೀವು ಸುಮ್ನೆ ನೋಡುತ್ತಾ ನಿಂತಿರಿ, ಸಹಾಯ ಮಾಡಬೇಡಿ.

ಚಕ್ರದ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ನಮ್ಮ ಊರುಗಳಲ್ಲಿ ಸ್ಟ್ರಾಲರ್ ಸೋಲುವುದೇ ಅಲ್ಲಿ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಹೊಸದಾಗಿ ಮಾಡಿದ ರಸ್ತೆಗಳಲ್ಲಿ, ಉದಾಹರಣೆಗೆ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ, ಫುಟ್‌ಪಾತ್ ಅಗಲವಾಗಿದೆ, ಎಂಥ ಗಾಡಿಯೂ ಹೋಗುತ್ತದೆ. ಆದರೆ ಯಾರ ದಿನದ ವಾಕಿಂಗೂ ಅಲ್ಲಿ ನಡೆಯುವುದಿಲ್ಲ. ಬಸವನಗುಡಿಯ ಹಳೆಯ ಅಡ್ಡರಸ್ತೆಗಳಲ್ಲಿ ಫುಟ್‌ಪಾತ್ ಅಂದರೆ ಮೋರಿಯ ಮೇಲಿನ ಚಪ್ಪಡಿಗಳು. ಎರಡು ಚಪ್ಪಡಿಗಳ ನಡುವೆ ಸಂದು, ಮರದ ಬೇರು ಎತ್ತಿದ ಕಲ್ಲು, ಪ್ರತಿ ಗೇಟಿನ ಮುಂದೆ ಇಳಿಜಾರು, ಬೈಕುಗಳು ಹತ್ತದಿರಲಿ ಅಂತ ನೆಟ್ಟ ಕಂಬಗಳು. 12 ಸೆಂಟಿಮೀಟರಿನ ಜೋಡಿ ಪ್ಲಾಸ್ಟಿಕ್ ಚಕ್ರ ಅಂಥ ಸಂದಿಗೆ ಇಳಿದು ಅಡ್ಡಡ್ಡ ತಿರುಗಿ ನಿಂತುಬಿಡುತ್ತದೆ. ಹಿಂದಿನಿಂದ ತಳ್ಳುವವರ ವೇಗ ನಿಲ್ಲುವುದಿಲ್ಲ, ಗಾಡಿ ಮುಂದಕ್ಕೆ ಮುಗ್ಗರಿಸುತ್ತದೆ. ಚಕ್ರ ದೊಡ್ಡದಾದಷ್ಟೂ ಅದೇ ಸಂದನ್ನು ಸಲೀಸಾಗಿ ದಾಟುತ್ತದೆ.

ಮುಂದಿನ ಚಕ್ರ ಕನಿಷ್ಠ 15ರಿಂದ 18 ಸೆಂಟಿಮೀಟರ್, ಹಿಂದಿನದು ಅದಕ್ಕಿಂತ ದೊಡ್ಡದು ಇರಲಿ. ಗಟ್ಟಿ ಪ್ಲಾಸ್ಟಿಕ್ ಬೇಡ, ರಬ್ಬರ್ ಅಥವಾ ಮೆತ್ತನೆಯ ಫೋಮ್ ಆಗಬಹುದು. ಮುಂದಿನ ಚಕ್ರ ತಿರುಗುವಂತಿರಬೇಕು, ಬೇಕಾದಾಗ ನೇರಕ್ಕೆ ಲಾಕ್ ಆಗಲೂಬೇಕು. ಕೊಳ್ಳುವ ಮುಂಚೆ ಅತ್ತೆಯವರ ದಾರಿಯಲ್ಲಿ ಒಮ್ಮೆ ನೀವೇ ನಡೆದು ನೋಡಿ. ಆ ದಾರಿಯ ಅತಿ ಕೆಟ್ಟ ಹತ್ತು ಮೀಟರ್ ಯಾವುದು ಅಂತ ಗುರುತಿಸಿ. ಗಾಡಿ ಆರಿಸಬೇಕಾದ್ದು ಆ ಹತ್ತು ಮೀಟರಿಗೆ. ಅಲ್ಲಿ ಯಾವ ಗಾಡಿಯೂ ಹೋಗದು ಅನಿಸಿದರೆ ದಾರಿಯನ್ನೇ ಬದಲಿಸಿ. ರಸ್ತೆಗೆ ಇಳಿದು ಹೋಗುವುದಂತೂ ಬೇಡ. ಸ್ಟ್ರಾಲರ್‌ನಲ್ಲಿ ಕೂತ ಮಗುವಿನ ಮೂಗು ಆಟೋ, ಬೈಕುಗಳ ಹೊಗೆ ಕೊಳವೆಯ ಮಟ್ಟದಲ್ಲೇ ಇರುತ್ತದೆ. ಸಿಗ್ನಲ್ ಬಳಿ ಕಾಯುವಾಗಲೂ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ.

ಈಗ ಮಗುವಿನ ದೇಹದ ಮಾತು. ಐದು ತಿಂಗಳ ಮಗುವಿಗೆ ಕುತ್ತಿಗೆ ನಿಂತಿರಬಹುದು, ಆದರೆ ಬೆನ್ನು ಇನ್ನೂ ತಯಾರಾಗಿಲ್ಲ. ನೆಲದ ಮೇಲೆ ಆಸರೆಯಿಲ್ಲದೆ ತಾನೇ ಕೂರುವವರೆಗೂ ಸ್ಟ್ರಾಲರ್‌ನಲ್ಲಿ ನೆಟ್ಟಗೆ ಕೂರಿಸಬೇಡಿ. ಸೀಟಿನ ಬೆನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಮಲಗಬೇಕು. ಅರ್ಧ ಕೂತ ಭಂಗಿಯಲ್ಲಿ ಮಗು ನಿದ್ದೆ ಹೋದರೆ ಗಲ್ಲ ಎದೆಗೆ ತಾಗುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಇದು ಹೆದರಿಸಲು ಹೇಳುವ ಮಾತಲ್ಲ, ನಿಜಕ್ಕೂ ನೋಡಿಕೊಳ್ಳಬೇಕಾದ ವಿಷಯ. ನಿದ್ದೆ ಬಂದರೆ ಬೆನ್ನು ಪೂರ್ತಿ ಮಲಗಿಸಿ. ಮನೆಗೆ ಬಂದ ಮೇಲೆ ನಿದ್ದೆ ಕೆಡುತ್ತದೆ ಅಂತ ಗಾಡಿಯಲ್ಲೇ ಬಿಡಬೇಡಿ, ಸಮತಟ್ಟಾದ ಹಾಸಿಗೆಗೆ ಬೆನ್ನ ಮೇಲೆ ಮಲಗಿಸಿ.

ಬೆಲ್ಟು ಐದು ಕಡೆಯಿಂದ ಹಿಡಿಯುವಂಥದ್ದಾಗಬೇಕು: ಎರಡು ಭುಜ, ಎರಡು ಸೊಂಟ, ಕಾಲುಗಳ ನಡುವೆ ಒಂದು. ಮಗು ಕೆಳಕ್ಕೆ ಜಾರದಂತೆ ತಡೆಯುವುದು ಆ ಐದನೆಯದು. ಎಷ್ಟೋ ಮನೆಗಳಲ್ಲಿ ಬೆಲ್ಟನ್ನು ಸೀಟಿನ ಹಿಂದೆ ಸಿಕ್ಕಿಸಿಟ್ಟಿರುತ್ತಾರೆ, ಮಗು ಅಳುತ್ತದೆ ಅಂತ. ಹತ್ತು ಹೆಜ್ಜೆ ಹೋಗುವುದಿದ್ದರೂ ಹಾಕಿ.

ಮಡಚುವ ಕೀಲುಗಳನ್ನೂ ಗಮನಿಸಿ. 2009ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಸ್ಟ್ರಾಲರ್‌ಗಳ ಕೀಲಿಗೆ ಹೊದಿಕೆ ಹಾಕಿಸಬೇಕಾಗಿ ಬಂತು. ಬಿಚ್ಚುವಾಗ ಮಕ್ಕಳ ಬೆರಳ ತುದಿ ಸಿಕ್ಕಿ ಕತ್ತರಿಸಿಹೋದ ಘಟನೆಗಳು ನಡೆದಿದ್ದವು. ಗಾಡಿ ಬಿಚ್ಚುವಾಗ, ಮಡಚುವಾಗ ಮಗು ಕೈಗೆಟುಕದಷ್ಟು ದೂರ ಇರಲಿ. ಪೆಟ್ಟಿಗೆಯ ಮೇಲೆ ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್833 ಮಾನದಂಡದ ಗುರುತಿದೆಯೇ ನೋಡಿ. ಬ್ರೇಕು, ಬೆಲ್ಟು, ಮಗುಚದಿರುವ ಗುಣ, ಬೆರಳು ಸಿಗುವ ಸಂದು ಎಲ್ಲವನ್ನೂ ಆ ಪರೀಕ್ಷೆಗಳು ನೋಡುತ್ತವೆ.

ಸೀಟನ್ನು ಎರಡೂ ಕಡೆ ತಿರುಗಿಸುವ ಸೌಲಭ್ಯ ನನಗೆ ತುಂಬಾ ಇಷ್ಟ. ಮೊದಲ ವರ್ಷ ಮಗು ತಳ್ಳುವವರ ಮುಖ ನೋಡುತ್ತಾ ಕೂತರೆ ಒಳ್ಳೆಯದು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು 2008ರಲ್ಲಿ ಇದನ್ನು ನೋಡಿದ್ದರು. ಮಗು ತಮ್ಮ ಕಡೆ ಮುಖ ಮಾಡಿದ್ದಾಗ ಅಪ್ಪ-ಅಮ್ಮ ಅದರ ಜೊತೆ ಎರಡು ಪಟ್ಟು ಹೆಚ್ಚು ಮಾತಾಡುತ್ತಿದ್ದರು. ಅಜ್ಜಿಗೂ ಮಗುವಿನ ಮುಖ ಕಾಣುತ್ತಿದ್ದರೆ ನೆಮ್ಮದಿ, ಕುತ್ತಿಗೆ ವಾಲಿದೆಯಾ, ಬಿಸಿಲು ಬೀಳುತ್ತಿದೆಯಾ ಅಂತ ಬಗ್ಗಿ ಬಗ್ಗಿ ನೋಡಬೇಕಾಗಿಲ್ಲ.

ಬಿಸಿಲು ಅಂದಾಗ ಒಂದು ಅಭ್ಯಾಸ ಬಿಡಿಸಬೇಕು. ಮಗು ಮಲಗಿದೆ ಅಂತ ಟವೆಲ್ಲೋ ದುಪಟ್ಟಾವೋ ತಂದು ಗಾಡಿಯ ಮೇಲೆ ಪೂರ್ತಿ ಮುಚ್ಚುತ್ತೇವೆ. ಒಳಗೆ ಗಾಳಿ ಆಡುವುದಿಲ್ಲ, ಶಾಖ ಏರುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಬೇಸಿಗೆಯ ಬಿಸಿಲಲ್ಲಿ ಅಳೆದು ನೋಡಿದಾಗ ಒಣ ಬಟ್ಟೆ ಮುಚ್ಚಿದ ಸ್ಟ್ರಾಲರಿನೊಳಗೆ ಹೊರಗಿಗಿಂತ ಸುಮಾರು ಮೂರು ಡಿಗ್ರಿ ಹೆಚ್ಚಿತ್ತು. ತೆಳು ಮಸ್ಲಿನ್ ಬಟ್ಟೆಯನ್ನು ಒದ್ದೆ ಮಾಡಿ, ಸಣ್ಣ ಫ್ಯಾನ್ ಇಟ್ಟಾಗ ಸುಮಾರು ಐದು ಡಿಗ್ರಿ ಇಳಿಯಿತು. ಬಳ್ಳಾರಿ, ಕಲಬುರಗಿಯ ಒಣ ಬಿಸಿಲಿಗೆ ಈ ಉಪಾಯ ಚೆನ್ನಾಗಿ ಕೂರುತ್ತದೆ. ಮಂಗಳೂರಿನ ಸೆಕೆಯಲ್ಲಿ ನೀರು ಬೇಗ ಆರುವುದಿಲ್ಲ, ಅಲ್ಲಿ ಅಷ್ಟು ಪ್ರಯೋಜನ ಸಿಗದು. ನಿಮಗೆ ಬೇಕಾಗಿರುವುದು ಉದ್ದಕ್ಕೆ ಇಳಿಯುವ ಛಾವಣಿ, ಅದರಲ್ಲಿ ಗಾಳಿಯಾಡುವ ಜಾಲರಿ ಕಿಟಕಿ. ಜೊತೆಗೆ ಒಂದು ಸೊಳ್ಳೆ ಪರದೆ. ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಸಂಜೆಯ ವಾಕಿಂಗ್ ಹೊತ್ತಿಗೂ ಅದರ ಕಾಟ ಇರುತ್ತದೆ. ಮಿಕ್ಕ ಅಲಂಕಾರ, ಕಪ್ ಹೋಲ್ಡರ್, ಆಟಿಕೆ ಕಂಬಿ, ಇವುಗಳಿಗೆ ದುಡ್ಡು ಹಾಕಬೇಡಿ.

ಇನ್ನು ಓಟ. ನಿಮ್ಮ ಆಸೆಗೆ ತಣ್ಣೀರೆರಚುತ್ತಿಲ್ಲ, ಓಡಲೇಬೇಕು ನೀವು. ಆದರೆ ಮಗುವಿನ ಜೊತೆ ಈಗಲೇ ಬೇಡ. ಓಡುವಾಗ ಗಾಡಿಯ ಕುಲುಕಾಟ ಮಗುವಿನ ಕುತ್ತಿಗೆಗೆ ಹೋಗುತ್ತದೆ. ಮಗುವಿನ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು, ಭಾರ. ಜಾಗಿಂಗ್ ಸ್ಟ್ರಾಲರ್ ಮಾಡುವ ಕಂಪನಿಗಳಲ್ಲಿ ಕೆಲವರು ಆರು ತಿಂಗಳು ತುಂಬಲಿ ಅಂತಾರೆ, ಕೆಲವರು ಎಂಟು ತಿಂಗಳು. ನಾನು ಎಂಟರ ಕಡೆ. ಅಷ್ಟೊತ್ತಿಗೆ ಮಗು ತಾನೇ ಗಟ್ಟಿಯಾಗಿ ಕೂರುತ್ತಿರಬೇಕು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಇನ್ನೂ ಕಾಯಬೇಕು. ಶುರು ಮಾಡುವ ಮುಂಚೆ ನಿಮ್ಮ ಮಕ್ಕಳ ಡಾಕ್ಟರನ್ನು ಒಂದು ಮಾತು ಕೇಳಿ.

ಈ ನಡುವೆ ನಿಮ್ಮ ಮೈಯನ್ನೂ ಮರೆಯಬೇಡಿ. ಬಾಣಂತನ ಮುಗಿದು ಓಟಕ್ಕೆ ಮರಳುವ ಬಗ್ಗೆ 2019ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟ್‌ಗಳು ಒಂದು ಮಾರ್ಗಸೂಚಿ ಬರೆದರು. ಹೆರಿಗೆಯಾಗಿ ಮೂರು ತಿಂಗಳ ಒಳಗೆ ಓಡುವುದು ಬೇಡ, ಮೂರರಿಂದ ಆರು ತಿಂಗಳ ನಡುವೆ ದೇಹ ನೋಡಿಕೊಂಡು ಶುರು ಮಾಡಿ ಅನ್ನುತ್ತದೆ ಅದು. ಓಡುವಾಗ ಮೂತ್ರ ಸೋರಿದರೆ, ಕೆಳಹೊಟ್ಟೆಯಲ್ಲಿ ಏನೋ ಜಗ್ಗಿದಂತೆ ಭಾರ ಅನಿಸಿದರೆ ತಾಯಂದಿರಿಗೆ ಇದೆಲ್ಲ ಮಾಮೂಲು ಅಂತ ಸಹಿಸಿಕೊಳ್ಳಬೇಡಿ. ಅದಕ್ಕೆ ಚಿಕಿತ್ಸೆ ಇದೆ, ವ್ಯಾಯಾಮ ಇದೆ. ಈ ಮೂರ್ನಾಲ್ಕು ತಿಂಗಳು ನೀವಿಬ್ಬರೂ ಸರದಿಯಂತೆ ಓಡಿ. ಒಬ್ಬರು ಓಡುವಾಗ ಇನ್ನೊಬ್ಬರು ಮಗುವನ್ನು ಗಾಡಿಯಲ್ಲಿಟ್ಟು ನಡೆಯಲಿ. ಪಶ್ಚಿಮ ದ್ವಾರದಿಂದ ಒಳಗೆ ಹೋದರೆ ಲಾಲ್‌ಬಾಗ್‌ನ ಡಾಂಬರು ದಾರಿಗಳು ಮಾಮೂಲಿ ಸ್ಟ್ರಾಲರಿಗೂ ಆಗುತ್ತವೆ. ಕೆಂಪೇಗೌಡ ಗೋಪುರದ ಬಂಡೆಯ ಕಡೆ ಮಾತ್ರ ಬೇಡ.

ಎಂಟು ತಿಂಗಳ ನಂತರವೂ ಮಾಮೂಲಿ ಸ್ಟ್ರಾಲರ್ ತಳ್ಳಿಕೊಂಡು ಓಡಬಾರದು, ಅದು ಎಷ್ಟೇ ದುಬಾರಿಯದಾಗಿರಲಿ. ಸುಮ್ಮನೆ ಮೂರು ಚಕ್ರ ಇದ್ದ ಮಾತ್ರಕ್ಕೆ ಅದು ಓಟದ ಗಾಡಿಯಾಗುವುದಿಲ್ಲ. 1980ರ ದಶಕದಲ್ಲಿ ಅಮೆರಿಕದ ಫಿಲ್ ಬೇಕ್ಲರ್ ಎಂಬ ಪತ್ರಕರ್ತ ತನ್ನ ಮಗುವಿನ ಜೊತೆ ಓಡಲು ಸ್ಟ್ರಾಲರಿಗೆ ಸೈಕಲ್ ಚಕ್ರ ಜೋಡಿಸಿಕೊಂಡ. ಜಾಗಿಂಗ್ ಸ್ಟ್ರಾಲರ್ ಬಂದದ್ದು ಹಾಗೆ. ಇವತ್ತಿಗೂ ಅದರ ಜೀವ ಆ ಚಕ್ರದಲ್ಲೇ ಇದೆ. ಗಾಳಿ ತುಂಬುವ 12ರಿಂದ 16 ಇಂಚಿನ ಚಕ್ರ, ಕುಲುಕು ತಡೆಯುವ ಸಸ್ಪೆನ್ಷನ್, ನೇರಕ್ಕೆ ಲಾಕ್ ಆಗುವ ಮುಂಚಕ್ರ. ಓಡುವಾಗ ಮುಂಚಕ್ರ ತಿರುಗಲು ಬಿಟ್ಟರೆ ಒಂದು ಸಣ್ಣ ಕಲ್ಲು ತಾಗಿದರೂ ಅದು ಪಟ್ಟನೆ ಅಡ್ಡ ತಿರುಗಿ ಗಾಡಿ ಪಲ್ಟಿಯಾಗುತ್ತದೆ. ಲಾಕ್ ಹಾಕದೆ ಓಡಲೇಬಾರದು. ತಿರುವು ಬಂದಾಗ ಹ್ಯಾಂಡಲ್ ಸ್ವಲ್ಪ ಒತ್ತಿ ಮುಂಚಕ್ರ ಎತ್ತಿ ತಿರುಗಿಸಬೇಕು. ಮಣಿಕಟ್ಟಿಗೆ ಹಾಕುವ ಪಟ್ಟಿ ಇರಬೇಕು, ಕೈ ಜಾರಿದರೂ ಗಾಡಿ ನಿಮ್ಮನ್ನು ಬಿಟ್ಟು ಹೋಗಬಾರದು. ಇಳಿಜಾರಿನಲ್ಲಿ ಓಡುವವರಿಗೆ ಕೈಬ್ರೇಕ್ ಬೇಕು. ಓಡುವಾಗ ಗಾಡಿಯನ್ನು ಮೈಗೆ ಹತ್ತಿರ ಇಟ್ಟುಕೊಳ್ಳಿ, ಸೊಂಟದಿಂದ ಬಾಗಬೇಡಿ, ವೇಗ ಕಮ್ಮಿ ಮಾಡಿ. ಕಿವಿಗೆ ಇಯರ್‌ಫೋನ್ ಬೇಡ. ಬೀದಿನಾಯಿ ಬಂದರೂ ಬೈಕ್ ಬಂದರೂ ಕೇಳಿಸಬೇಕು.

ಎಷ್ಟು ಹೊತ್ತು ಅನ್ನುವುದಕ್ಕೂ ಒಂದು ಮಿತಿ ಇಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇದು: ಒಂದು ವರ್ಷದೊಳಗಿನ ಮಗುವನ್ನು ಸ್ಟ್ರಾಲರ್, ಎತ್ತರದ ಕುರ್ಚಿ, ಬೆನ್ನಿನ ಚೀಲ ಇಂಥದ್ದರಲ್ಲಿ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. ಅದರ ಜೊತೆಗೇ ದಿನಕ್ಕೆ ಅರ್ಧ ಗಂಟೆಯಾದರೂ ಬೋರಲು ಮಲಗಿ ಆಡಬೇಕು ಅಂತಲೂ ಹೇಳಿದೆ. ನಿಮ್ಮ ಓಟ ಮುಗಿದ ಮೇಲೆ ಹುಲ್ಲಿನ ಮೇಲೆ ಒಂದು ಚಾದರ ಹಾಸಿ ಮಗುವನ್ನು ಬಿಡಿ. ಅಪ್ಪ-ಅಮ್ಮನ ವ್ಯಾಯಾಮಕ್ಕೆ ಮಗು ಇಡೀ ಬೆಳಿಗ್ಗೆ ಕಟ್ಟಿಸಿಕೊಂಡು ಕೂರಬಾರದು.

ಶಿರಸಿಗೆ ಸ್ಟ್ರಾಲರ್ ಹೊತ್ತುಕೊಂಡು ಹೋಗಬೇಡಿ ಅಂದೆ. ಅಡಿಕೆ ತೋಟದ ಇಳಿಜಾರು, ಮಳೆಗಾಲದ ಕೆಸರು, ಮನೆಯ ಹೊಸ್ತಿಲು, ಮೆಟ್ಟಿಲು, ಎಲ್ಲೂ ಅದು ಉರುಳುವುದಿಲ್ಲ. ಮಾರಿಕಾಂಬಾ ಜಾತ್ರೆಯ ಜನಜಂಗುಳಿಯಲ್ಲಂತೂ ಅದು ಅಪಾಯ. ಮಲೆನಾಡಿನ ಮಳೆಗಾಲದಲ್ಲಿ ನಾಲ್ಕು ದಿನ ಮೂಲೆಯಲ್ಲಿಟ್ಟರೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಬೇಬಿ ಕ್ಯಾರಿಯರ್ ಕೊಳ್ಳುವಾಗ ಮಗುವಿನ ತೊಡೆಗೆ ಮಂಡಿಯವರೆಗೂ ಆಸರೆ ಸಿಗುವಂಥದ್ದು ನೋಡಿ. ಮಂಡಿ ಪೃಷ್ಠಕ್ಕಿಂತ ಸ್ವಲ್ಪ ಮೇಲಿರಬೇಕು, ಕಾಲು ಅಗಲವಾಗಿ ಇಂಗ್ಲಿಷ್ ಎಮ್ ಅಕ್ಷರದ ಹಾಗೆ ಕೂರಬೇಕು. ಅಜ್ಜಿಯರು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವ ಭಂಗಿಯೂ ಹೀಗೇ ಇರುತ್ತದೆ, ಸೊಂಟದ ಕೀಲಿಗೆ ಅದು ಬಹಳ ಒಳ್ಳೆಯದು. ಮುಖ ಯಾವಾಗಲೂ ಕಾಣುತ್ತಿರಬೇಕು, ಗಲ್ಲ ಎದೆಗೆ ಒತ್ತಬಾರದು.

ವಿಮಾನಕ್ಕೆ ಅಂತಲೇ ಪುಟ್ಟದಾಗಿ ಮಡಚುವ ಇನ್ನೊಂದು ಸ್ಟ್ರಾಲರ್ ಬೇಡ. ಕ್ಯಾಬಿನ್ನಿಗೆ ಹಿಡಿಸುತ್ತದೆ ಅಂತ ಮಾರುವ ಹೆಸರಾಂತ ಮಾದರಿಗಳಲ್ಲೂ ಮಡಚಿದಾಗ 52×44×18 ಸೆಂಟಿಮೀಟರ್ ಇರುವಂಥವಿವೆ. ಇಂಡಿಗೋದಲ್ಲಿ ಕೈಸಾಮಾನಿನ ಅಳತೆ 55×35×25. ಅಗಲದಲ್ಲೇ ಮೀರಿತು ನೋಡಿ. ಹೇಗೂ ವಿಮಾನದ ಬಾಗಿಲಿನವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಕೊಡುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಟಿಕೆಟ್ ಮಾಡಿಸುವಾಗ ಕೇಳಿಕೊಳ್ಳಿ, ಒಂದು ಹೊದಿಕೆ ಚೀಲ ಇಟ್ಟುಕೊಳ್ಳಿ. ಉಳಿದ ದುಡ್ಡಿದ್ದರೆ ಕಾರಿಗೆ ಚೈಲ್ಡ್ ಸೀಟ್ ತೆಗೆದುಕೊಳ್ಳಿ. ನೀವು ಅದರ ಬಗ್ಗೆ ಬರೆದಿಲ್ಲ. ಸ್ಟ್ರಾಲರಿಗಿಂತ ಅದು ಮುಖ್ಯ, ಹಿಂದಕ್ಕೆ ಮುಖ ಮಾಡಿ ಕೂರಿಸುವಂಥದ್ದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಮಗುವನ್ನು ಬೆಲ್ಟು ಅಥವಾ ಚೈಲ್ಡ್ ಸೀಟ್ ಇಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡವೂ ಇದೆ.

ನಿಮ್ಮಣ್ಣನಿಗೆ ತರಲು ಹೇಳಿ. ಅವರು ಬರುವ ಹೊತ್ತಿಗೆ ಮಗುವಿಗೆ ಒಂಬತ್ತು ತಿಂಗಳಾಗಿರುತ್ತದೆ, ಸರಿಯಾದ ಸಮಯ. ಹೊರಡುವ ಮುಂಚೆ ಅವರು ಮಾಡಬೇಕಾದ ಕೆಲಸ ಸ್ವಲ್ಪ ಇದೆ. ಚೌಕಟ್ಟಿನ ಮೇಲಿರುವ ಮಾಡೆಲ್ ಸಂಖ್ಯೆ, ತಯಾರಾದ ತಾರೀಕು ನೋಡಿ, ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ವೆಬ್‌ಸೈಟಿನಲ್ಲಿ ಅದು ವಾಪಸ್ ಕರೆಸಿದ ಪಟ್ಟಿಯಲ್ಲಿದೆಯೇ ಹುಡುಕಲಿ. ಮುಂಚಕ್ರವನ್ನು ಸುಲಭವಾಗಿ ಕಳಚುವ ಹಿಡಿ ಬಿಗಿಯಾಗಿದೆಯೇ ನೋಡಲಿ. ಹಳೆಯ ಗಾಡಿಗಳಲ್ಲಿ ಓಡುವಾಗ ಮುಂಚಕ್ರ ಕಳಚಿಕೊಂಡು ಜನ ಬಿದ್ದದ್ದಿದೆ. ನೀವೂ ಪ್ರತಿ ಸಲ ಓಡುವ ಮುಂಚೆ ಆ ಹಿಡಿಯನ್ನು ಕೈಯಲ್ಲಿ ಒತ್ತಿ ನೋಡಬೇಕು. ಬೆಲ್ಟಿನ ಬಕಲ್, ಮಣಿಕಟ್ಟಿನ ಪಟ್ಟಿ ಸರಿ ಇರಲಿ. ಚಕ್ರ ಬಿಚ್ಚಿ ಚಪ್ಪಟೆಯಾಗಿ ಪ್ಯಾಕ್ ಮಾಡಿದರೆ ಸಾಗಿಸುವುದು ಸುಲಭ, ಆದರೂ ಪೆಟ್ಟಿಗೆ ದೊಡ್ಡದಾಗುತ್ತದೆ, ವಿಮಾನ ಕಂಪನಿಯ ಅಳತೆಯ ಮಿತಿ ಮೊದಲೇ ನೋಡಿಕೊಳ್ಳಲಿ. 12 ಅಥವಾ 16 ಇಂಚಿನ ಚಕ್ರವಾದರೆ ಟ್ಯೂಬ್ ಚಿಂತೆ ಬೇಡ. ಮಕ್ಕಳ ಸೈಕಲಿಗೆ ಹಾಕುವ ಟ್ಯೂಬ್ ಆಗುತ್ತದೆ, ಬೀದಿಯ ಸೈಕಲ್ ಅಂಗಡಿಯವರೇ ಪಂಕ್ಚರ್ ಹಾಕಿಕೊಡುತ್ತಾರೆ. ಲಿಫ್ಟಿಗೆ ಹಿಡಿಸದಿದ್ದರೆ ಕೆಳಗೆ ಪಾರ್ಕಿಂಗ್‌ನಲ್ಲೇ ಒಂದು ಕವರ್ ಹಾಕಿ, ಸೈಕಲ್ ಚೈನಿನಿಂದ ಬೀಗ ಹಾಕಿಡಿ.